ಅತ್ತೆಯವರ ಕಪ್‌ಬಸಿ ಹೂವು

ಮದುವೆಯಾಗಿ ಈ ಊರಿಗೆ ಬಂದ ಮೂರನೆಯ ದಿನವೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಿನ ಬಾಗಿಲಿಗೆ ಬಂದರೆ, ಪಕ್ಕದ ಮನೆಯ ಸಕ್ರವ್ವ ನಮ್ಮ ಹೂವಿನ ಮಡಿಯಲ್ಲಿ ಮೊಣಕಾಲೂರಿ ಕುಳಿತು ಕುರುಪಿಯಿಂದ ಮಣ್ಣು ಕೆದರುತ್ತಿದ್ದಳು. ಎಲೆಸಮೇತ ಒಂದು ಗೆಡ್ಡೆ ಆಗಲೇ ಆಕೆಯ ಉಡಿ ಸೇರಿತ್ತು. ನಾನು "ಕಳ್ಳರು, ಕಳ್ಳರು" ಎಂದು ಕೂಗಿಬಿಟ್ಟೆ. ಓಣಿಯ ಜನರೆಲ್ಲ ಓಡಿಬಂದರು. ಬಂದವರು ಸಕ್ರವ್ವನನ್ನು ಹಿಡಿಯಲಿಲ್ಲ. ಪಂಕ್ತಿಯಲ್ಲಿ ಬೇರೆಯವರ ಎಲೆ ತುಳಿದವಳನ್ನು ನೋಡುವಂತೆ ನನ್ನನ್ನು ನೋಡಿದರು.

"ಹೋತು, ಕೆಟ್ಟುಹೋತು," ಎಂದು ಸಕ್ರವ್ವ ಗೆಡ್ಡೆಯನ್ನು ನೆಲದ ಮೇಲಿಟ್ಟು ಕೈಯ ಮಣ್ಣು ಕೊಡವಿಕೊಂಡಳು. "ಇನ್ನ ಇದು ಬೇರು ಬಿಡೂದಿಲ್ಲ. ದೊಡ್ಡವ್ವಾ, ನಿನ್ನ ಸೊಸಿಗೆ ಇರೂವು ಕಣ್ಣೋ, ಪೊಲೀಸ್ ಠಾಣೇದ ದೀಪಾನೋ?"

"ಹೊಸಾಕಿ ಅದಾಳ, ಬಯ್ಯಬ್ಯಾಡ," ಎಂದರು ನನ್ನ ಅತ್ತೆ ತಂಗೆವ್ವ, ನಗು ತಡೆಯಲಾಗದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು. "ಪ್ಯಾಟಿ ಹುಡುಗಿ. ಅವರ ಊರಾಗ ಗಿಡ ಅಂಗಡ್ಯಾಗ ಸಿಗತಾವಂತ."

ಅಲ್ಲಿದ್ದವರೆಲ್ಲ ನಕ್ಕರು. ಅಂಗಡಿಯಲ್ಲಿ ಗಿಡ ಸಿಗುವುದು ಅವರಿಗೆ ಅಂಗಡಿಯಲ್ಲಿ ಅಣ್ಣತಮ್ಮಂದಿರು ಸಿಗುವಷ್ಟೇ ವಿಚಿತ್ರವಾಗಿ ಕೇಳಿಸಿತ್ತು.

ಈ ಊರಿನಲ್ಲಿ ಕೊಟ್ಟ ಗಿಡ ಬೇರು ಬಿಡುವುದಿಲ್ಲ. ಕೊಂಡು ತಂದದ್ದೂ ಬಿಡುವುದಿಲ್ಲ. ನಮ್ಮದೇ ಗಿಡವನ್ನು ನಾವೇ ಕಿತ್ತು ಬೇರೆ ಮೂಲೆಗೆ ಹಾಕಿದರೂ ಅಷ್ಟೇ. ಕದ್ದು ತಂದದ್ದೇ ಆಗಬೇಕು. ಕೀಳುವ ಹೊತ್ತಿಗೆ ಒಡೆಯರ ಮನಸ್ಸು ಆ ಗಿಡದ ಮೇಲೆ ಇರಬಾರದು. ಇದ್ದರೆ ಒಂಬತ್ತನೆಯ ದಿನ ಎಲೆ ಹಿಡಿದು ಮೆಲ್ಲಗೆ ಎಳೆದಾಗ ಎಲೆ ಮಾತ್ರ ಕೈಗೆ ಬರುತ್ತದೆ, ಕೆಳಗೆ ಗೆಡ್ಡೆ ಕೊಳೆತಿರುತ್ತದೆ. ಹೀಗಾಗಿ ಚಳಿ ಮುಗಿದು ಪ್ಲಮ್ ಮರಗಳು ಬೆಳ್ಳಗಾದ ಕೂಡಲೇ ಊರಿನವರೆಲ್ಲ ಒಬ್ಬರಿಗೊಬ್ಬರು ಅನುಕೂಲ ಮಾಡಿಕೊಡಲು ಶುರುಮಾಡುತ್ತಾರೆ. ಮಂಗಳವಾರ ಮೇಲಿನ ಓಣಿಯವರು ಕೌದಿ ಒಗೆಯಲು ಕೆರೆಗೆ ಹೋಗುತ್ತಾರೆ, ಶುಕ್ರವಾರ ಕೆಳಗಿನ ಓಣಿಯವರು. ಗೇಟಿಗೆ ಚಿಲಕ ಹಾಕುವುದಿಲ್ಲ. ನಾಯಿಯನ್ನು ಕಟ್ಟಿ ಹೋಗುತ್ತಾರೆ. ಕದ್ದವರು ಕುಳಿಯನ್ನು ಹಾಗೇ ಬಿಡದೆ ತಮ್ಮ ಅಂಗಳದ ಒಂದು ಹಿಡಿ ಮಣ್ಣು ಹಾಕಿ ಮುಚ್ಚುತ್ತಾರೆ. ಮುಂದೆ ತಮ್ಮ ಹೂವು ಇನ್ನೊಬ್ಬರ ಅಂಗಳದಲ್ಲಿ ಅರಳಿದ್ದು ಕಂಡರೆ "ಹೊಸಾದೇನ್ರೀ?" ಎಂದು ಕೇಳಬೇಕು, ಅವರು "ತಾನ ಬಂತ್ರೀ" ಎನ್ನಬೇಕು. ಅದಕ್ಕಿಂತ ಹೆಚ್ಚು ಮಾತಾಡುವುದು ಅಸಭ್ಯತನ. ಇಡೀ ವಸಂತ ಕಳೆದರೂ ಒಂದು ಕಡ್ಡಿಯೂ ಕಳುವಾಗದ ಮನೆಯ ಹೆಂಗಸು ಮೋರೆ ಸಣ್ಣದು ಮಾಡಿಕೊಂಡು ಓಡಾಡುತ್ತಾಳೆ. ಅಂಥ ಹೆಂಡತಿಯ ಸಮಾಧಾನಕ್ಕೆಂದು ಆಕೆಯ ಸೇವಂತಿಯನ್ನು ತಾನೇ ಕದ್ದು ಕಚೇರಿಯ ಮುಂದೆ ನೆಟ್ಟ ಗಂಡಂದಿರೂ ಇದ್ದಾರೆ.

ಇಂಥ ಊರಿಗೆ ನನ್ನಂಥವಳು ಸೊಸೆಯಾಗಿ ಬಂದೆ. ಔಷಧದ ಪೆಟ್ಟಿಗೆಯೊಳಗೆ ಮಡಿಸಿಟ್ಟಿರುತ್ತಾರಲ್ಲ, ಸಣ್ಣ ಅಕ್ಷರದ ಚೀಟಿ, ಅದರ ಕನ್ನಡವನ್ನು ತಿದ್ದಿ ಕಳುಹಿಸುವುದು ನನ್ನ ಕೆಲಸ. "ಕೊಡಬಾರದು" ಎಂಬಲ್ಲಿ ಎರಡು ಅಕ್ಷರ ಬದಲಾಗಿ "ಕೊಡಬಹುದು" ಎಂದಾದರೆ ಎಲ್ಲೋ ಒಂದು ಮಗುವಿನ ಜೀವಕ್ಕೆ ಕುತ್ತು ಬರುತ್ತದೆ. ಕೆಲಸ ಹಾಗಿರುವುದರಿಂದ ನಾನು ಹೀಗಾದೆನೋ, ಹೀಗಿದ್ದುದರಿಂದ ಆ ಕೆಲಸ ಸಿಕ್ಕಿತೋ, ಗೊತ್ತಿಲ್ಲ. ಹಾಲು ಉಕ್ಕುವ ಮೊದಲೇ ನನಗೆ ಉಕ್ಕಿದ್ದು ಕಾಣುತ್ತದೆ. ಗೇಟಿನ ಸದ್ದು, ನಾಯಿಯ ಗುರ್ ಎನ್ನುವಿಕೆ, ಗೋಡೆಯಾಚೆಯ ಹೆಜ್ಜೆ, ಯಾವುದೂ ನನ್ನ ಕಿವಿ ತಪ್ಪುವುದಿಲ್ಲ. ನನ್ನ ಗಂಡ ಈರಣ್ಣ ಬಸ್ ಕಂಡಕ್ಟರ್. ವಾರಕ್ಕೆ ಎರಡು ದಿನ ಮನೆಯಲ್ಲಿರುತ್ತಾರೆ. "ನೀನೂ ಒಮ್ಮೆ ಯಾರದರ ಅಂಗಳಕ್ಕ ಹೋಗಿ ಕದ್ದು ಬಾ ಇಂದೂ, ರೂಢಿ ಆಗತೈತಿ," ಎಂದು ಅವರು ಎಷ್ಟೋ ಸಲ ಹೇಳಿದ್ದರು. ನನಗೆ ಕೈ ಬಂದಿರಲಿಲ್ಲ.

ಅತ್ತೆಯವರ ಹಿತ್ತಲು ದೊಡ್ಡದೇನಲ್ಲ. ಗೋಡೆಗೆ ಹಬ್ಬಿದ ಸ್ವೀಟ್‌ಪೀ, ಬೆಕ್ಕಿನ ಮುಖದ ಪ್ಯಾನ್ಸಿ, ಬಚ್ಚಲ ನೀರು ಕುಡಿದು ಆಳೆತ್ತರ ಬೆಳೆದ ಹಾಲಿಹಾಕ್. ಇವೆಲ್ಲದರ ನಡುವೆ, ಅವರ ಮಂಚದ ಕಿಟಕಿಗೆ ಎದುರಾಗಿ, ಒಂದು ಮೊರದಗಲದ ಜಾಗದಲ್ಲಿ ಡ್ಯಾಫೊಡಿಲ್. ಊರಿನವರು ಅದನ್ನು ಕಪ್‌ಬಸಿ ಹೂವು ಎನ್ನುತ್ತಾರೆ. ನೋಡಿದರೆ ಬೇರೆ ಹೆಸರೇ ತೋಚುವುದಿಲ್ಲ: ಬಿಳಿಯ ಬಸಿಯ, ಅಂದರೆ ಸಾಸರಿನ, ಮೇಲೆ ಹಳದಿಯ ಚಹಾ ಕಪ್ ಇಟ್ಟ ಹಾಗೆ. ಹಳದಿಯ ಅಂಚಿಗೆ ಕುಂಕುಮದಲ್ಲಿ ಅದ್ದಿದ ದಾರ ಎಳೆದಂತೆ ಒಂದು ಗೆರೆ. ಈಗಿನ ದಪ್ಪ ತಲೆಯ ತಳಿಗಳಿಗೆ ಇಲ್ಲದ ಪರಿಮಳ ಇದಕ್ಕಿದೆ, ಬೆಳಗಿನ ಹೊತ್ತು ಹತ್ತಿರ ಹೋದರೆ ಏಲಕ್ಕಿ ಸಿಪ್ಪೆಯ ನೆನಪಾಗುತ್ತದೆ. ಅತ್ತೆ ಹದಿನೇಳು ವರ್ಷದ ಹೊಸ ಸೊಸೆಯಾಗಿದ್ದಾಗ, ಹುಡುಗಿಯರ ಶಾಲೆಯ ಹಿರಿಯ ಶಿಕ್ಷಕಿ ಬಾಯಾರು ಒಳಗೆ ಹಾರ್ಮೋನಿಯಂ ನುಡಿಸುವುದರಲ್ಲಿ ಮೈಮರೆತಿದ್ದ ಹೊತ್ತಿನಲ್ಲಿ ಅವರ ಅಂಗಳದಿಂದ ಒಂದು ಗೆಡ್ಡೆ ಎತ್ತಿಕೊಂಡು ಬಂದಿದ್ದರಂತೆ. ನಾನು ಬರುವುದಕ್ಕೆ ಒಂದೆರಡು ವರ್ಷ ಮೊದಲು ಗೆಡ್ಡೆಗಳಿಗೆಲ್ಲ ಹುಳ ಬಿದ್ದು ಊರಿನ ಕಪ್‌ಬಸಿಗಳೆಲ್ಲ ಹಾಳಾದವು. ಬಾಯಾರ ಅಂಗಳವೂ ಬರಿದಾಯಿತು. ಉಳಿದದ್ದು ನಮ್ಮ ಹಿತ್ತಲಿನ ಈ ಒಂದು ಮೊರದಷ್ಟು.

ಡ್ಯಾಫೊಡಿಲ್ ಗೆಡ್ಡೆ ಮಣ್ಣೊಳಗೇ ಮರಿ ಹಾಕುತ್ತ ಹೋಗುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಡಿಸದಿದ್ದರೆ ಒಂದರ ಮೈಮೇಲೊಂದು ಒತ್ತಿ, ಎಲೆ ಮಾತ್ರ ಬರುತ್ತದೆ, ಹೂವು ನಿಲ್ಲುತ್ತದೆ. ಬೇರೆಯವರ ಮನೆಯಲ್ಲಾದರೆ ಕಳ್ಳರೇ ಬಿಡಿಸುತ್ತಿದ್ದರು. ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಯಾರ ಕಳವೂ ಕೈಗೂಡಲಿಲ್ಲ. ನಾನು ಬಂದ ವರ್ಷ ಅರವತ್ತರ ಮೇಲೆ ಹೂವಿದ್ದವು. ಹೋದ ವರ್ಷ ಏಳು. ಈ ವಸಂತಕ್ಕೆ ಎರಡು ಮೊಗ್ಗು, ಅದರಲ್ಲೊಂದು ಬಿಚ್ಚದೆಯೇ ಕಂದಿತು.

"ಉಸಿರುಗಟ್ಟೈತಿ ಅದಕ್ಕ," ಎಂದರು ಅತ್ತೆ ಕಿಟಕಿಯಲ್ಲಿ ನಿಂತು. ಎಡಗಣ್ಣಿಗೆ ಪೊರೆ ಬಂದು ಅವರು ಮುಖವನ್ನು ಕೋಳಿಯಂತೆ ಓರೆಮಾಡಿ ನೋಡುತ್ತಾರೆ. "ಮುಂದಿನ ವರ್ಷ ಬರೇ ಎಲಿ. ಅದರ ಮುಂದಿನ ವರ್ಷ ಅದೂ ಇಲ್ಲ. ನಡೀಲಿ, ನಾನೂ ಎಷ್ಟು ದಿನ ಇರಾಕಿ."

ಅವರು ನಗುತ್ತಲೇ ಹೇಳಿದರು. ಆದರೆ ಆ ದಿನ ಎರಡು ರೊಟ್ಟಿಯಲ್ಲಿ ಒಂದನ್ನು ಬಿಟ್ಟೆದ್ದರು.

ತಪ್ಪು ನನ್ನದೆಂಬುದರಲ್ಲಿ ಊರಿನವರಿಗೆ ಅನುಮಾನವಿರಲಿಲ್ಲ. ನನಗೂ ಇರಲಿಲ್ಲ. ಸಕ್ರವ್ವ ಮತ್ತೆರಡು ಸಲ ಪ್ರಯತ್ನಿಸಿದ್ದಳು. ಒಮ್ಮೆ ನಾನು ಕೆರೆಯಲ್ಲಿ ಕೌದಿ ಹಿಂಡುತ್ತಿದ್ದೆ, ಇನ್ನೊಮ್ಮೆ ಸಿನಿಮಾದಲ್ಲಿದ್ದೆ. ಎರಡು ಸಲವೂ ಗೆಡ್ಡೆ ಕೊಳೆಯಿತು. "ಕಣ್ಣು ಮನ್ಯಾಗ ಇಟ್ಟು ಬರ್ತಾಳ ಆಕಿ," ಎಂದು ಕೆರೆಯ ಕಲ್ಲಿನ ಮೇಲೆ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಸುಳ್ಳಲ್ಲ. ಕೌದಿ ಕುಕ್ಕುವಾಗ ಪ್ರತಿಯೊಂದು ಏಟಿಗೂ "ಈಗ ಅಗೆಯುತ್ತಿರಬಹುದು, ಈಗ ಎತ್ತುತ್ತಿರಬಹುದು" ಎಂದುಕೊಳ್ಳುತ್ತಿದ್ದೆ. ಮರೆಯಬೇಕೆಂದು ಪಣ ತೊಟ್ಟರೆ ಏನನ್ನು ಮರೆಯಬೇಕೆಂಬುದು ಮೊದಲು ನೆನಪಾಗುತ್ತಿತ್ತು.

ಈ ವರ್ಷ, ಆ ಒಂದು ಹೂವೂ ಬಾಡಿದ ವಾರ, ಅಕ್ಕಿ ತೊಳೆಯುತ್ತಿದ್ದಾಗ ಇದ್ದಕ್ಕಿದ್ದಂತೆ ನನಗೊಂದು ನೆನಪಾಯಿತು. ಹಿಂದಿನ ದಿನ ತಿದ್ದಿ ಕಳಿಸಿದ ಚೀಟಿಯಲ್ಲಿ "ಊಟದ ನಂತರ" ಎಂದಿರಬೇಕಾದ ಕಡೆ "ಊಟದ ಬದಲು" ಎಂದಿತ್ತು. ನೋಡಿದ್ದೆ, ನೋಡಿ ಮುಂದೆ ಹೋಗಿದ್ದೆ. ಅಕ್ಕಿಯನ್ನು ಹಾಗೆಯೇ ಬಿಟ್ಟು ಅಂಚೆ ಕಚೇರಿಗೆ ಓಡಿದೆ. ಅಲ್ಲಿಯ ಫೋನಿನಿಂದ ಎರಡು ಗಂಟೆ ಒದ್ದಾಡಿ, ಅಚ್ಚಿಗೆ ಹೋಗುವ ಮೊದಲು ಹಿಡಿದೆ. ಮನೆಗೆ ಬಂದರೆ ಕಪ್‌ಬಸಿಯ ಮಡಿಯಲ್ಲೊಂದು ಹೊಸ ಕುಳಿ, ಅದರ ತುಂಬ ಸಕ್ರವ್ವನ ಅಂಗಳದ ಕೆಂಪು ಮಣ್ಣು. ಆ ಎರಡು ಗಂಟೆ ನಾನು ಹೂವು ಎಂಬ ವಸ್ತುವೊಂದು ಲೋಕದಲ್ಲಿದೆ ಎಂಬುದನ್ನೇ ಮರೆತಿದ್ದೆ. ಸಂತೋಷದಿಂದ ನನಗೆ ಅಳು ಬಂತು.

ಒಂಬತ್ತನೆಯ ದಿನ ಸಕ್ರವ್ವ ಬಾಡಿದ ಎಲೆಯನ್ನು ಹಿಡಿದುಕೊಂಡು ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಇಂದಕ್ಕಾ, ನಿನಗ ಕೈ ಮುಗೀತೀನಿ. ಆ ಹೊತ್ತಿನ್ಯಾಗರ ಬ್ಯಾರೆ ಏನರ ವಿಚಾರ ಮಾಡಬಾರದಿತ್ತ?"

"ಬ್ಯಾರೆನ ಮಾಡಿದ್ದೆ ಸಕ್ರವ್ವಾ. ಆಣಿ ಮಾಡ್ತೀನಿ."

"ಹೌದೌದು. ಗೆಡ್ಡಿ ಸುಳ್ಳು ಹೇಳ್ತೈತೇನ ಮತ್ತ?" ಎಂದು ಎಲೆಯನ್ನು ಹೊಸ್ತಿಲ ಮೇಲೆ ಬಿಟ್ಟು ಹೋದಳು.

ನಾನು ಆ ಎಲೆಯನ್ನು ಕೈಗೆತ್ತಿಕೊಂಡೆ. ನನ್ನ ಬಗ್ಗೆ ನನಗೆ ಹೆಚ್ಚಿನ ಅಭಿಮಾನವಿಲ್ಲ, ಆದರೆ ನನ್ನ ಮನಸ್ಸು ಎಲ್ಲಿತ್ತು ಎಂಬುದು ನನಗೆ ಗೊತ್ತಿರುತ್ತದೆ. ಅದು ಅಲ್ಲಿರಲಿಲ್ಲ. ಹಾಗಾದರೆ ಯಾರದಿತ್ತು? ಒಡೆಯರ ಮನಸ್ಸು ಎಂದು ಎಲ್ಲರೂ ಹೇಳುತ್ತಾರೆ. ಈ ಹೂವಿನ ಒಡತಿ ನಾನೆಂದು ಹೇಳಿದವರು ಯಾರು? ಗಿಡ ಕದ್ದವರದು. ಇದನ್ನು ಕದ್ದವರು ಒಳಗೆ ಮಂಚದ ಮೇಲೆ ಕುಳಿತು, ಅವರೆ ಸುಲಿಯುತ್ತ, ಯಾರದೋ ಮದುವೆಯಲ್ಲಿ ಬೀಗರು ಜಗಳವಾಡಿದ ಕಥೆಯನ್ನು ಗೋಡೆಗೆ ಹೇಳಿಕೊಂಡು ನಗುತ್ತಿದ್ದರು. ಕಾವಲು ಕಾಯುವ ಮುಖ ನನಗಿತ್ತು; ಹಾಗಾಗಿ ಹನ್ನೊಂದು ವರ್ಷ ಊರೆಲ್ಲ, ನಾನೂ ಸೇರಿ, ತಪ್ಪು ಹೆಂಗಸನ್ನು ನೋಡುತ್ತ ಕುಳಿತಿದ್ದೆವು.

ಅಂದಿನಿಂದ ನಾನು ಅತ್ತೆಯನ್ನು ಗಮನಿಸತೊಡಗಿದೆ. ಗಾಳಿ ಬೀಸಿದರೆ ಅವರ ಮಾತು ಒಂದು ಕ್ಷಣ ನಿಲ್ಲುತ್ತಿತ್ತು. ಕೆರೆಯ ದಂಡೆಯಲ್ಲಿ ಎಲ್ಲರನ್ನೂ ನಗಿಸುತ್ತಿರುವಾಗಲೂ ಬಿಸಿಲು ಒಂದು ಕೋನಕ್ಕೆ ಬಂದರೆ, "ಈಗ ಕಿಡಕಿ ಕಡೆ ನೆರಳ ಬಿದ್ದಿರತೈತಿ," ಎನ್ನುತ್ತಿದ್ದರು, ಯಾರಿಗೆಂದಲ್ಲ. ನಿದ್ದೆಯಲ್ಲೂ ಅವರ ಬೆರಳು ಕೌದಿಯ ಅಂಚಿನಲ್ಲಿ ಏನನ್ನೋ ಸರಿಪಡಿಸುತ್ತಿತ್ತು, ಎಲೆಯ ಮೇಲಿನ ಮಣ್ಣು ಒರೆಸಿದಂತೆ. ಅವರಿಗೆ ಇದು ಗೊತ್ತಿರಲಿಲ್ಲ. "ಯಾರರ ಒಯ್ಯವಲ್ಲರ್ಯಾಕ" ಎಂದು ಅವರು ಮನಸಾರೆ ಕೇಳುತ್ತಿದ್ದರು. ನನ್ನದು ಆತಂಕವಾಗಿತ್ತು, ಅದಕ್ಕೆ ಎರಡು ಗಂಟೆಯಾದರೂ ಬಿಡುವು ಸಿಕ್ಕಿತು. ಅವರದು ಪ್ರೀತಿ. ಅದಕ್ಕೆ ಬಿಡುವೇ ಇರಲಿಲ್ಲ.

ಹೇಳುವಂತಿರಲಿಲ್ಲ. ಹೇಳಿದರೆ ಅವರೂ ನನ್ನ ಹಾಗೆ ಮರೆಯಲು ಕೂರುತ್ತಾರೆ, ಮರೆಯಲು ಕೂತವರ ಗತಿ ನನಗೆ ಗೊತ್ತಿತ್ತು. ಸಕ್ರವ್ವನಿಗೆ ಹೇಳಿದರೆ ಸಂಜೆಯೊಳಗೆ ಅದು ಅತ್ತೆಯ ಕಿವಿಗೆ ಬೀಳುತ್ತದೆ. ಗಂಡನಿಗೂ ಹೇಳಲಿಲ್ಲ; ಅವರು ತಾಯಿಯೆದುರು ಏನನ್ನೂ ಮುಚ್ಚಿಡಲಾರರು. ನನ್ನ ಮೇಲಿನ ಅಪವಾದವನ್ನು ನಾನೇ ಹೊತ್ತುಕೊಂಡು, ಅತ್ತೆ ತಮ್ಮ ಹೂವನ್ನು ಮರೆಯುವ ಹೊತ್ತೊಂದು ಇದೆಯೇ ಎಂದು ಹುಡುಕತೊಡಗಿದೆ. ಪೂಜೆಯ ಹೊತ್ತಿಗೆ? ಇಲ್ಲ, ದೇವರಿಗೆ ಏರಿಸುವ ಹೂವಿನ ನೆಪದಲ್ಲಿ ಕಿಟಕಿಯತ್ತ ಹೊರಳುತ್ತಿದ್ದರು. ಮಗ ಬಂದ ದಿನ? ಮಗನನ್ನು ಮಾತಾಡಿಸುವುದೇ ಕಿಟಕಿಯ ಪಕ್ಕ ಕೂರಿಸಿಕೊಂಡು. ಎಲೆಗಳು ಹಳದಿಗೆ ತಿರುಗಲು ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಎಲೆ ಒಣಗಿ ಬಿದ್ದರೆ ಗೆಡ್ಡೆ ಎಲ್ಲಿದೆಯೆಂದು ತಿಳಿಯುವುದಿಲ್ಲ, ಆಮೇಲೆ ಮುಂದಿನ ವರ್ಷವೇ.

ಉತ್ತರ ಸಿಕ್ಕಿದ್ದು ಒಂದು ಆಡಿನಿಂದ. ನಾನು ದಿನಾ ಮೂರು ಗಂಟೆಗೆ ಚೀಟಿಗಳ ಲಕೋಟೆ ಹಿಡಿದು ಅಂಚೆ ಕಚೇರಿಗೆ ಹೋಗಿ ನಾಲ್ಕಕ್ಕೆ ಸರಿಯಾಗಿ ಮನೆಯಲ್ಲಿರುತ್ತೇನೆ. ಆ ದಿನ ಅಲ್ಲಿ ಸರದಿ ಉದ್ದವಿತ್ತು, ಮನೆಗೆ ಬರುವಾಗ ನಾಲ್ಕೂವರೆ. ಅತ್ತೆ ಗೇಟಿನ ಹೊರಗೆ ನಡುರಸ್ತೆಯಲ್ಲಿ ನಿಂತಿದ್ದರು. ನನ್ನನ್ನು ಕಂಡು ಏನೂ ಆಗಿಲ್ಲವೆಂಬಂತೆ "ಬಂದೇನ?" ಎಂದು ಒಳಗೆ ಹೋದರು. ನಾನು ಹಿತ್ತಲಿಗೆ ಹೋದರೆ ಯಾರದೋ ಆಡು ಒಳನುಗ್ಗಿ ಸ್ವೀಟ್‌ಪೀಯನ್ನೆಲ್ಲ ಮೇದು, ಕಪ್‌ಬಸಿಯ ಮಡಿಯ ನಡುವೆ ನಾಲ್ಕು ಕಾಲೂರಿ ನಿಂತು ಮೆಲುಕು ಹಾಕುತ್ತಿತ್ತು. ಕೊರಳಿಗೆ ಗಂಟೆ ಬೇರೆ. ಆ ಗಂಟೆ ಅರ್ಧ ಗಂಟೆ ಬಾರಿಸಿದ್ದರೂ ಅತ್ತೆಗೆ ಕೇಳಿಸಿರಲಿಲ್ಲ.

ನಾನು ಆಡನ್ನು ಓಡಿಸುವುದನ್ನೂ ಮರೆತು ನಿಂತೆ.

ಎರಡು ದಿನ ಯೋಚಿಸಿದೆ. ಮೂರನೆಯ ದಿನ, ಗುರುವಾರ, ನಾನು ಅಂಚೆ ಕಚೇರಿಯಿಂದ ಮೂರೂವರೆಗೇ ಹೊರಟು, ಊರ ಹಿಂದಿನ ದಾರಿ ಹಿಡಿದು, ನಮ್ಮ ಹಿತ್ತಲ ಗೋಡೆಯಾಚೆಯ ನೀಲಗಿರಿ ಮರದ ಹಿಂದೆ ನಿಂತುಕೊಂಡೆ. ಕೈಚೀಲದಲ್ಲಿ ಕುರುಪಿ ಇತ್ತು. ಕುಳಿ ಮುಚ್ಚಲು ಹಿಡಿ ಮಣ್ಣೂ ಇತ್ತು. ನನ್ನದೆಂಬ ಅಂಗಳ ನನಗಿಲ್ಲದ್ದರಿಂದ ಬೀದಿ ನಲ್ಲಿಯ ಪಕ್ಕದ, ಯಾರದೂ ಅಲ್ಲದ ಜಾಗದಿಂದ ತಂದಿದ್ದೆ. ನಾಲ್ಕಾಯಿತು. ಅತ್ತೆ ಕಿಟಕಿಯಲ್ಲಿದ್ದರು. ನಾಲ್ಕೂ ಹತ್ತಕ್ಕೆ "ಇಂದೂ, ಬಂದ್ಯಾ?" ಎಂದು ಒಳಗೇ ಕೂಗಿದರು. ಗೇಟಿಗೆ ಹೋದರು, ಮತ್ತೆ ಕಿಟಕಿಗೆ ಬಂದು ಹೂವಿನ ಎಲೆಗಳನ್ನು ನೋಡಿದರು, ಮತ್ತೆ ಗೇಟಿಗೆ ಹೋದರು. ಹೀಗೆ ಮೂರು ಸಲ. ನಾಲ್ಕೂಮುಕ್ಕಾಲಿನ ನಂತರ ಅವರು ಕಿಟಕಿಗೆ ಬರಲಿಲ್ಲ.

ನಾನು ಗೋಡೆ ಹತ್ತಿದೆ. ಇಳಿಯುವಾಗ ಜಾರಿ ಬಿದ್ದು ಮೊಣಕಾಲು ತರಚಿತು. ಮನೆಯ ಪಕ್ಕದ ಸಂದಿಯಿಂದ ಗೇಟು ಕಾಣುತ್ತದೆ. ಅತ್ತೆಯ ಬೆನ್ನು ಕಾಣುತ್ತಿತ್ತು, ತಲೆಯ ಮೇಲಿನ ಸೆರಗು ಜಾರಿದ್ದನ್ನು ಅವರು ಎತ್ತಿಕೊಂಡಿರಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಕೇಳುತ್ತಿದ್ದರು.

"ಏ ತಮ್ಮಾ, ನಮ್ಮ ಇಂದು ಕಂಡಳೇನೋ? ಪೋಸ್ಟಿನ ಕಡೆ?"

"ಇಲ್ಲ ಬಿಡವಾ."

"ನಾಕಕ್ಕ ಬರ್ತಾಳ. ನಾಕಂದ್ರ ನಾಕು. ಗಡಿಯಾರ ತಪ್ಪೀತು, ಆಕಿ ತಪ್ಪಾಕಿ ಅಲ್ಲ."

ಸಕ್ರವ್ವನ ದನಿ ಕೇಳಿಸಿತು: "ಬರ್ತಾಳ ಬಾ ದೊಡ್ಡವ್ವಾ, ಒಳಗ ಕೂಡು. ಏನು ಸಣ್ಣ ಕೂಸ ಆಕಿ?"

"ನಿನಗೇನು ಗೊತ್ತ ಬಿಡ. ಆಕಿ ಭಾಳ ಅಂಜುಬುರಕಿ. ರಸ್ತೇದಾಗ ಒಂದು ಗಾಡಿ ಜೋರ ಹೋದ್ರ ಕಣ್ಣ ಮುಚ್ಕೊಂಡು ನಿಂದರ್ತಾಳ. ಅಂಥಾಕಿ ತಡಾ ಮಾಡ್ಯಾಳಂದ್ರ ಏನೋ ಆಗೇತಿ. ನನ್ನ ಚಪ್ಪಲಿ ತಾ ಸಕ್ರವ್ವಾ, ನಾನ ನೋಡಿ ಬರ್ತೀನಿ."

ಕುರುಪಿ ನನ್ನ ಕೈಯಲ್ಲೇ ನಿಂತಿತು. ಎಲ್ಲರನ್ನೂ ಕಾಯುವವಳು ನಾನು ಎಂದುಕೊಂಡಿದ್ದೆ. ನನ್ನ ನಾಲ್ಕು ಗಂಟೆಯನ್ನು ಇನ್ನೊಬ್ಬರು ದಿನಾ ಇಷ್ಟು ಬಿಗಿಯಾಗಿ ಹಿಡಿದು ಕೂರುತ್ತಿದ್ದರೆಂಬುದು ನನಗೆ ಹೊಳೆದಿರಲಿಲ್ಲ. "ಇಲ್ಲೇ ಇದೀನಿ ಅತ್ತೀ" ಎಂದು ಕೂಗಲು ಬಾಯಿ ತೆರೆದೆ. ಕೂಗಿದ್ದರೆ ಅವರು ತಿರುಗುತ್ತಿದ್ದರು. ತಿರುಗಿ ಮೊದಲು ನನ್ನನ್ನು ನೋಡಿ, ಮರುಕ್ಷಣ ಹೂವನ್ನು ನೋಡುತ್ತಿದ್ದರು. ಎಪ್ಪತ್ತೆಂಟು ವರ್ಷದ ಮುದುಕಿಯನ್ನು ಹೆದರಿಸಿದ ಪಾಪಕ್ಕೆ ಏನೂ ಸಿಗದೆ ಹೋಗುತ್ತಿತ್ತು. ಬಾಯಿ ಮುಚ್ಚಿಕೊಂಡು ಅಗೆದೆ. ಗೆಡ್ಡೆಗಳು ಒಂದಕ್ಕೊಂದು ಎಷ್ಟು ಒತ್ತಿಕೊಂಡಿದ್ದವೆಂದರೆ ಬಿಡಿಸುವಾಗ ಬೆಳ್ಳುಳ್ಳಿ ಎಸಳು ಬಿಡಿಸಿದಂತೆ ಸದ್ದಾಯಿತು. ಐದು ಗೆಡ್ಡೆ ಎತ್ತಿ, ನಲ್ಲಿಯ ಮಣ್ಣು ಹಾಕಿ, ಗೋಡೆ ದಾಟಿ, ಹಿಂದಿನ ದಾರಿಯಲ್ಲಿ ಸುತ್ತಿ, ಓಡಿದೆ.

ಅತ್ತೆ ಚಪ್ಪಲಿ ಮೆಟ್ಟಿಕೊಂಡು ನಮ್ಮ ಓಣಿಯ ತಿರುವಿನವರೆಗೆ ಬಂದಿದ್ದರು. ನನ್ನನ್ನು ಕಂಡು ಅಲ್ಲಿಯೇ ನಿಂತರು.

"ಎಲ್ಲಿ ಹಾಳಾಗಿ ಹೋಗಿದ್ದಿ? ಬುದ್ಧಿ ಐತೇನ ನಿನಗ? ಕಾಲೇಜು ಕಲಿತೀದಿಯಂತ, ಒಬ್ಬರ ಕೂಡ ಹೇಳಿ ಕಳಸಾಕ ಬರೂದಿಲ್ಲ?" ಎನ್ನುತ್ತ ನನ್ನ ರಟ್ಟೆ ಹಿಡಿದವರು ಮನೆಯ ತನಕ ಬಿಡಲಿಲ್ಲ. ಒಳಗೆ ಬಂದ ಮೇಲೆ ಸೀರೆಯ ಮೇಲಿನ ರಕ್ತ ಕಂಡಿತು. "ಏನಾತ ಇದು?"

"ಬಿದ್ದೆ ಅತ್ತೀ."

ಆಡಿದ್ದು ಎರಡೇ ಪದ, ಎರಡೂ ನಿಜ. ಅವರು ಅರಿಸಿನ ತಂದು, ನೆಲದ ಮೇಲೆ ಕುಳಿತು, ನನ್ನ ಮೊಣಕಾಲಿಗೆ ಒತ್ತಿದರು. ಆ ಸಂಜೆ ಅವರು ಕಿಟಕಿಯ ಕಡೆ ಹೋಗಲೇ ಇಲ್ಲ.

ಮರುದಿನ ಬೆಳಿಗ್ಗೆ ಅವರ ಕೂಗಿಗೆ ಸಕ್ರವ್ವ ಹಲ್ಲುಜ್ಜುತ್ತಲೇ ಓಡಿಬಂದಳು. "ಐದು! ಐದು ಒಯ್ದಾರ ನೋಡ! ಯಾವಾಕಿ ಇರಬೇಕ ಇಕಿ, ಭಲೇ ಗಟ್ಟಿಗಿತ್ತಿ!" ಎನ್ನುತ್ತ ಅತ್ತೆ ಕುಳಿಯ ಮಣ್ಣನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು. ಕೆಂಪಲ್ಲ, ಕರಿದಲ್ಲ, ಜಿಗುಟಾದ ಕೆಸರು ಮಣ್ಣು. ಊರಿನ ಯಾರ ಅಂಗಳದ್ದೂ ಅಲ್ಲ. ಮುಖ ಓರೆಮಾಡಿ ಒಮ್ಮೆ ನನ್ನತ್ತ ನೋಡಿ, ಸೆರಗಿಗೆ ಬೆರಳೊರೆಸಿಕೊಂಡು, "ಚಹಾ ಇಡು," ಎಂದರು. "ಬೇರು ಬಿಡ್ತಾವೋ ಇಲ್ಲೋ," ಎಂದಳು ಸಕ್ರವ್ವ ನನ್ನನ್ನು ದುರುಗುಟ್ಟಿ ನೋಡಿ. ನಾನು ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದೆ.

ಅಷ್ಟರಲ್ಲಾಗಲೇ ಐದೂ ಗೆಡ್ಡೆಗಳನ್ನು ಬೀದಿ ನಲ್ಲಿಯ ಪಕ್ಕದಲ್ಲಿ, ಕಾಬಾಳೆಯ ಬುಡದಲ್ಲಿ ನೆಟ್ಟಿದ್ದೆ. ನೀರಿಗೆ ಎಲ್ಲರಿಗಿಂತ ಮೊದಲು ಹೋಗುವವಳು ನಾನೇ ಆದ್ದರಿಂದ ಯಾರೂ ನೋಡಿರಲಿಲ್ಲ. ಆ ಒಂಬತ್ತು ದಿನ ನಾನು ಹೇಗಿದ್ದೆನೆಂದು ಬರೆಯುವುದು ಕಷ್ಟ. ಚೀಟಿಗಳನ್ನು ಮೂರು ಮೂರು ಸಲ ಓದಿದೆ. ಅತ್ತೆಯ ಮನಸ್ಸು ಆ ಹೊತ್ತಿನಲ್ಲಿ ಪೂರ್ತಿ ರಸ್ತೆಯ ಮೇಲಿತ್ತೆಂದು ನನ್ನನ್ನೇ ನಂಬಿಸುತ್ತಿದ್ದೆ, ಮರುಗಳಿಗೆ ಒಂದು ತೃಣದಷ್ಟು ಹಿಂದೆ ಉಳಿದಿತ್ತೇನೋ ಎಂದು ಅಂಜುತ್ತಿದ್ದೆ. ಒಂಬತ್ತನೆಯ ಬೆಳಿಗ್ಗೆ ಕೊಡವನ್ನು ನಲ್ಲಿಯ ಕೆಳಗಿಟ್ಟು ಬಗ್ಗಿದೆ. ಒಂದು ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ನೆಲ ತಿರುಗಿ ಎಳೆಯಿತು. ಇನ್ನೊಂದು, ಮತ್ತೊಂದು. ಐದನ್ನೂ ನೆಲ ಬಿಡಲಿಲ್ಲ. ಕೊಡ ತುಂಬಿ ನನ್ನ ಪಾದದ ಮೇಲೆ ಹರಿಯುತ್ತಿದ್ದುದು ಆಮೇಲೆ ಗೊತ್ತಾಯಿತು.

ಮುಂದಿನ ಚಳಿಗಾಲ ಜೋರಾಗಿಯೇ ಇತ್ತು. ಅದು ಕಳೆದು ಪ್ಲಮ್ ಮರಗಳು ಬೆಳ್ಳಗಾದ ವಾರ, ನಲ್ಲಿಯ ಪಕ್ಕ ಹೂವು ಬಿಟ್ಟಿತು. ಮೂರು ಗೆಡ್ಡೆಗೆ ಒಂದೊಂದು, ಎರಡಕ್ಕೆ ಎರಡೆರಡು. ನಮ್ಮ ಹಿತ್ತಲಿನಲ್ಲಿ ಕೂಡ, ಇಕ್ಕಟ್ಟು ಸಡಿಲವಾದ ಕಡೆ ಹನ್ನೊಂದು ಹೂವು ತಲೆ ಎತ್ತಿದವು. ನಲ್ಲಿಯ ಹತ್ತಿರ ಸರದಿ ನಿಂತ ಹೆಂಗಸರು ಕೊಡ ಬಿಟ್ಟು ಹೂವನ್ನೇ ನೋಡಿದರು. ಯಾರ ಅಂಗಳವೂ ಅಲ್ಲದ್ದರಿಂದ ಯಾರನ್ನು ಕೇಳಬೇಕೆಂದು ತಿಳಿಯದೆ, "ಹೊಸಾದೇನ್ರೀ?" ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ನಾನು ನೀರಿನ ಧಾರೆಯನ್ನು ನೋಡುತ್ತ ನಿಂತಿದ್ದೆ. ಸಕ್ರವ್ವ ಹೂವನ್ನು ನೋಡಿದಳು, ಅದರ ಬುಡದ ಜಿಗುಟು ಮಣ್ಣನ್ನು ನೋಡಿದಳು, ನನ್ನ ಕೆಂಪಾದ ಕಿವಿಯನ್ನು ನೋಡಿದಳು. "ಯಪ್ಪಾ," ಎಂದಳು ಮೆಲ್ಲಗೆ. ಆ ಸಂಜೆ ಒಂದು ತಟ್ಟೆ ಶೇಂಗಾ ಹೋಳಿಗೆ ತಂದುಕೊಟ್ಟು, ಯಾಕೆಂದು ಹೇಳದೆ ಹೋದಳು.

ಅತ್ತೆ ನಲ್ಲಿಯ ತನಕ ನಡೆದು ವರ್ಷಗಳಾಗಿದ್ದವು. ಮೂರು ದಿನ ಎಲ್ಲರ ಬಾಯಲ್ಲೂ ಕೇಳಿದ ಮೇಲೆ ನಾಲ್ಕನೆಯ ದಿನ ಬೆಳಿಗ್ಗೆ ಒಗೆದ ಸೀರೆಯುಟ್ಟು ಬಾಗಿಲಲ್ಲಿ ನಿಂತರು. "ನಡಿ, ತೋರಿಸು." ನನ್ನ ಭುಜ ಹಿಡಿದು ಬಂದರು. ನಲ್ಲಿಯ ಹತ್ತಿರ ಸಕ್ರವ್ವ ಇದ್ದಳು, ಇನ್ನಿಬ್ಬರಿದ್ದರು. ಎಲ್ಲರೂ ದಾರಿ ಬಿಟ್ಟರು. ಅತ್ತೆ ಭುಜ ಬಿಟ್ಟು ನಿಧಾನವಾಗಿ ಕುಕ್ಕರುಗಾಲಲ್ಲಿ ಕುಳಿತು, ಮುಖ ಓರೆಮಾಡಿ, ಒಳ್ಳೆಯ ಕಣ್ಣನ್ನು ಹೂವಿಗೆ ಮುಟ್ಟುವಷ್ಟು ಹತ್ತಿರ ತಂದರು.

ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ನಾನು ಅವರ ಎದುರಿಗೆ ಕುಳಿತೆ. ಪರಿಮಳ ಎಳೆದುಕೊಂಡಾಗ ಅವರ ಕೆನ್ನೆಯ ಸುಕ್ಕುಗಳು ಒಂದೊಂದಾಗಿ ಸಡಿಲಾದವು. ತುಟಿ ಸ್ವಲ್ಪ ತೆರೆಯಿತು. ಆ ಮುಖದೊಳಗಿನಿಂದ ಯಾರೋ ಹುಡುಗಿ ಹೊರಗೆ ಇಣುಕಿದಂತಾಯಿತು, ಒಳಗಿನ ಕೋಣೆಯಲ್ಲಿ ಹಾರ್ಮೋನಿಯಂ ನುಡಿಯುತ್ತಿದೆ, ಇನ್ನೂ ನಿಂತಿಲ್ಲ, ಎಂದು ಕಿವಿಗೊಟ್ಟ ಹುಡುಗಿ. ಎಷ್ಟು ಹೊತ್ತು ಹಾಗೆ ನೋಡುತ್ತ ಕುಳಿತಿದ್ದೆನೋ ತಿಳಿಯದು. ನಲ್ಲಿ, ಕೊಡ, ರಸ್ತೆಯ ಗಾಡಿಗಳು, ಒಲೆಯ ಮೇಲೆ ಬಿಟ್ಟು ಬಂದ ಹಾಲು, ಹೂವು, ಯಾವುದೂ ನನ್ನ ಮನಸ್ಸಿನಲ್ಲಿ ಇರಲಿಲ್ಲ. ಆ ಮುಖ ಮಾತ್ರ ಇತ್ತು.

"ಸೊಂಟ ಹಿಡೀತು," ಎಂದರು ಅತ್ತೆ ಇದ್ದಕ್ಕಿದ್ದಂತೆ. "ನಡಿ, ಲಗೂ ಮನಿಗೆ ಹೋಗೂಣು."

ಎಬ್ಬಿಸಲು ಕೈ ಕೊಟ್ಟೆ. ಅವರು ಎಡಗೈ ಮಾತ್ರ ಕೊಟ್ಟರು. ಬಲಗೈ ಸೊಂಟದ ಹತ್ತಿರ ಸೀರೆಯನ್ನು ಮುದ್ದೆ ಮಾಡಿ ಹಿಡಿದಿತ್ತು. ಉಗುರುಗಳ ತುಂಬ ಹಸಿ ಮಣ್ಣು. ಸಕ್ರವ್ವ ಗಡಬಡಿಸಿ ನಲ್ಲಿಯ ಕಡೆ ಮುಖ ತಿರುಗಿಸಿ, ತುಂಬಿದ ಕೊಡವನ್ನೇ ಮತ್ತೆ ತುಂಬಿಸಲು ಶುರುಮಾಡಿದಳು. ಅವಳ ಬೆನ್ನು ನಗುವಿನಿಂದ ಅಲುಗುತ್ತಿತ್ತು. ಕಾಬಾಳೆಯ ಬುಡದಲ್ಲಿ ನಾಲ್ಕು ಗೆಡ್ಡೆಗಳ ಹೂವು ಗಾಳಿಗೆ ತಲೆಯಾಡಿಸುತ್ತಿದ್ದವು.

"ನೀ ಮುಂದ ನಡಿ," ಎಂದರು ಅತ್ತೆ ಬಲು ಗತ್ತಿನಿಂದ. "ಬಿಸಲ ಕಣ್ಣಿಗೆ ಹೊಡೀತೈತಿ, ನಿನ್ನ ನೆರಳಾಗ ಬರ್ತೀನಿ."

ಬಿಸಿಲು ನಮ್ಮ ಬೆನ್ನಿಗಿತ್ತು. "ಆತು ಅತ್ತೀ," ಎಂದು ಒಂದು ಹೆಜ್ಜೆ ಮುಂದಾದೆ. ಹಿಂದೆ ಅವರ ಚಪ್ಪಲಿಯ ಸದ್ದು ಯಾವತ್ತಿಗಿಂತ ಚುರುಕಾಗಿ ಬರುತ್ತಿತ್ತು. ಮನೆ ಮುಟ್ಟುವ ತನಕ ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ.